ಮುಂಗಡ ನಮಸ್ಕಾರ

ಬಸವಕಲ್ಯಾಣದ ತುಳಜಾರಾಮ ಮಾಸ್ತರರಿಗೆ ಗಣಿತದಲ್ಲೂ ಜಗಳದಲ್ಲೂ ಸೋತು ಗೊತ್ತಿರಲಿಲ್ಲ. ಅವರು ಸೋಲುತ್ತಿದ್ದದ್ದು ಒಂದೇ ಕಡೆ, ಹುಮನಾಬಾದಿನ ಮೈದಾನದಲ್ಲಿ. ಅಲ್ಲಿ ಮಾತ್ರ ಹದಿನೇಳು ಚಳಿಗಾಲ, ಒಂದೂ ತಪ್ಪದೆ, ನೇಮ ಹಿಡಿದವರ ಹಾಗೆ ಸೋತಿದ್ದರು.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಅಂದರೆ 1956ರಲ್ಲಿ, ನಿರ್ಣಾದ ಒಕ್ಕಲುತನದ ಮನೆಯಿಂದ ಅವರು ಕಲ್ಯಾಣದ ಶಾಲೆಗೆ ಬಂದರು. ಬೆಳಿಗ್ಗೆ ಗಣಿತ, ಸಂಜೆ ಡ್ರಿಲ್. ಗಣಿತಕ್ಕೆ ಸಂಬಳ, ಡ್ರಿಲ್‌ಗೆ ಜೀವ. ಪ್ರತಿ ಚಳಿಗಾಲ ಹುಮನಾಬಾದಿನಲ್ಲಿ ಶಾಲೆಗಳ ಪಂದ್ಯಾವಳಿ ನಡೆಯುತ್ತಿತ್ತು. ಪ್ರತಿ ಸಲವೂ ಮಾಸ್ತರರು ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಹಾಡುತ್ತ ಹೋಗುವುದು, ಬರುವಾಗ ಕಂಡಕ್ಟರನ ಸೀಟಿ ಬಿಟ್ಟರೆ ಬೇರೆ ಸದ್ದಿಲ್ಲ. ಗೆಲ್ಲುತ್ತಿದ್ದ ಹುಮನಾಬಾದ ಶಾಲೆಯ ಡ್ರಿಲ್ ಮಾಸ್ತರ ಜಲಾಲುದ್ದೀನ್ ಸಾಹೇಬರು ಒಳ್ಳೆಯ ಮನುಷ್ಯ, ತೊಂದರೆ ಅದೇ. ಸೋಲಿಸಿದ ಮೇಲೆ ಮಿರ್ಚಿಭಜಿ ತಿನ್ನಿಸಿ, ಚಹಾ ಕುಡಿಸಿ, "ಮುಂದಿನ ಸಾಲ ನಿಮ್ದೇ ನೋಡ್ರಿ, ತುಳಜಾರಾಮ" ಎಂದು ಬೆನ್ನು ತಟ್ಟಿ ಬಸ್ಸು ಹತ್ತಿಸುತ್ತಿದ್ದರು. ಕೆಟ್ಟವನ ಕೈಯಲ್ಲಿ ಸೋತರೆ ಬೈದಾದರೂ ಹಗುರಾಗಬಹುದು. ಇಂಥವರ ಕೈಯಲ್ಲಿ ಸೋತವನಿಗೆ ಆ ಸುಖವೂ ಇಲ್ಲ.

ಹುಡುಗರಿಂದ ಆಗದ್ದನ್ನು ಹುಡುಗಿಯರಿಂದ ಮಾಡಿಸುತ್ತೇನೆಂದು ಮಾಸ್ತರರು ಹೆಣ್ಣುಮಕ್ಕಳ ಖೋಖೋ ತಂಡ ಕಟ್ಟಿದರು. ನಾಲ್ಕು ವರ್ಷ ಅದೂ ಸೋತಿತು. 1974ರ ಜೂನ್‌ನಲ್ಲಿ ಹೆಡ್‌ಮಾಸ್ತರ ಚನ್ನಬಸಪ್ಪನವರು ಅವರನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ನೋಡ್ರಿ, ಹೊಲಿಗಿ ಮಶೀನು ಎರಡು ಬಂದಾವ. ಖಾಲಿ ಕುಂತಾವ. ಈ ಸಲ ಶೀಲ್ಡ್ ತಂದ್ರ ಸರಿ. ಇಲ್ಲಾಂದ್ರ ಹೆಣ್ಣುಮಕ್ಕಳ ಮೈದಾನದ ಪೀರಿಯಡ್ ಹೊಲಿಗಿಗೆ ಕೊಟ್ಟುಬಿಡ್ತೀನಿ."

"ಹೊಲಿಗಿ ಕುಂತು ಮಾಡೋದ್ರಿ ಸರ. ಈ ಮಕ್ಕಳು ಮುಂದ ಜೀವನಪೂರ್ತಿ ಕುಂತು, ಬಗ್ಗಿ ಮಾಡೋದ ಅದ. ಈಗರೆ ನಾಕ ದಿನ ಓಡ್ಲಿ."

"ಓಡ್ಲಿ. ಆದ್ರ ಗೆದ್ದು ಓಡ್ಲಿ" ಎಂದರು ಹೆಡ್‌ಮಾಸ್ತರರು. ಮಾತು ಅಲ್ಲಿಗೆ ಮುಗಿಯಿತು.

ಅದೇ ವಾರ ಮಾಸ್ತರರು ತ್ರಿಪುರಾಂತ ಕೆರೆಯ ದಾರಿಯಲ್ಲಿ ಸೈಕಲ್ ತುಳಿಯುತ್ತ ಬರುತ್ತಿದ್ದರು. ಕುರಿಹಿಂಡೊಂದು ದಾರಿಗಡ್ಡ ಬಂತು. ಹಿಂಡಿನಿಂದ ಒಂದು ಟಗರು ತಪ್ಪಿಸಿಕೊಂಡು ಪಕ್ಕದ ಹೊಲಕ್ಕೆ ನುಗ್ಗಿತು. ಹಿಂದಿದ್ದ ಹುಡುಗಿ ಕೂಗಲಿಲ್ಲ, ಕಲ್ಲೆಸೆಯಲಿಲ್ಲ, ಓಡಿದಳು. ಟಗರು ಎಡಕ್ಕೆ ಹೊರಳುವ ಮೊದಲೇ ಅವಳು ಎಡಕ್ಕೆ ಹೊರಳಿದ್ದಳು. ಅದು ಬಲಕ್ಕೆ ತಿರುಗಿ ನೋಡಿದರೆ ಬಲಕ್ಕೂ ಅವಳೇ. ಟಗರು ನಿಂತು ಯೋಚಿಸಿ, ಮರ್ಯಾದೆಯಿಂದ ಹಿಂಡಿಗೆ ವಾಪಸ್ಸಾಯಿತು. ಮಾಸ್ತರರು ಸೈಕಲ್ ಮೇಲಿದ್ದೇವೆಂಬುದನ್ನೇ ಮರೆತು ಎರಡೂ ಕೈ ಬಿಟ್ಟರು. ಮಂಡಿ ತರಚಿದ್ದು ಅವರಿಗೆ ಗೊತ್ತಾದದ್ದು ಮನೆಗೆ ಹೋದ ಮೇಲೆ.

ಆ ಹುಡುಗಿ ಅವರದೇ ಶಾಲೆಯ ಏಳನೆಯ ಇಯತ್ತೆಯಲ್ಲಿ ಕಡೆಯ ಸಾಲಿನಲ್ಲಿ ಕೂರುವ ಗಂಗುಬಾಯಿ. ಗಣಿತದಲ್ಲಿ ಅವಳಿಗೆ ಸೊನ್ನೆ ಕೊಟ್ಟವರೂ ಇದೇ ಮಾಸ್ತರರೇ. ಅಪ್ಪ ಮಡೆಪ್ಪ ಮಂಠಾಳದ ಕಡೆಯಿಂದ ಬಂದ ಕುರಿಗಾರ. ಮಾಸ್ತರರು ಮನೆಗೆ ಹೋಗಿ ಕೇಳಿದಾಗ ಅವನು ಬೀಡಿ ಹಚ್ಚಿ, "ಓಡೋದು ಕುರಿ ಹಿಂದನೂ ಓಡ್ತಾಳ. ಸಾಲ್ಯಾಗೂ ಓಡ್ಲಿ ಬಿಡ್ರಿ. ಆದ್ರ ಎಲ್ಲಿ ಹೋದ್ರೂ ನಮ್ಮವ್ವ ಸಂಗಾಟ ಇರ್ಬೇಕು" ಎಂದ. ಅವ್ವ ಎಂದರೆ ಗಂಗುಬಾಯಿಯ ಅಜ್ಜಿ ಸರುಬಾಯಿ. ಅಂದಿನಿಂದ ಸಂಜೆಯಾದರೆ ಮೈದಾನದ ಬೇವಿನ ಗಿಡದ ಕೆಳಗೆ ಮುದುಕಿ ಹಾಜರ್, ಕೈಯಲ್ಲಿ ಉಣ್ಣೆ ನೂಲುವ ತಕಲಿ, ಕಣ್ಣು ಮೊಮ್ಮಗಳ ಮೇಲೆ.

ಹುಡುಗಿ ಓಡಿದಳು. ಓಡಿದ್ದೇನು, ಮಾಸ್ತರರ ಹದಿನೇಳು ವರ್ಷದ ದುಃಖವೆಲ್ಲ ಅವಳ ಹಿಂದೆ ಧೂಳಾಗಿ ಹಾರಿತು. ಅವರಿಗೆ ಆ ಸಂಜೆ ಊಟ ಸೇರಲಿಲ್ಲ, ಅಷ್ಟು ಸಂತೋಷ. ಆದರೆ ಮರುದಿನವೇ ಗೊತ್ತಾಯಿತು, ಚಿನ್ನದಂಥ ಈ ಆಟಗಾರ್ತಿಗೆ ಒಂದು ರೋಗವಿದೆ ಎಂದು.

ಖೋಖೋದಲ್ಲಿ ಎಂಟು ಮಂದಿ ಸಾಲಾಗಿ ಮಂಡಿ ಮಡಚಿ ಕೂತಿರುತ್ತಾರೆ, ಒಬ್ಬಳು ಎದುರಾಳಿಯನ್ನು ಬೆನ್ನಟ್ಟುತ್ತಾಳೆ. ಕೂತವರನ್ನು ಸವರಿಕೊಂಡೇ ಓಡಬೇಕು. ಹಾಗೆ ಓಡುವಾಗ ಕಾಲು ಕೂತವರಿಗೆ ತಾಗುತ್ತದೆ. ಕಾಲು ತಾಗಿದರೆ ನಮ್ಮವರು ಏನು ಮಾಡುತ್ತಾರೆ? ತಾಗಿದವರನ್ನು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಗಂಗುಬಾಯಿ ಅದನ್ನೇ ಮಾಡಿದಳು. ಗಾಳಿಯಂತೆ ಹೋಗುತ್ತಿದ್ದವಳು ಗಕ್ಕನೆ ನಿಂತಳು, ಬಗ್ಗಿದಳು, ಸುಂದರಬಾಯಿಯ ಮಂಡಿ ಮುಟ್ಟಿದಳು, ಕಣ್ಣಿಗೊತ್ತಿಕೊಂಡಳು. ಸುಂದರಬಾಯಿಯೂ ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡವ್ವ" ಎಂದಳು. ಅಷ್ಟರಲ್ಲಿ ಎದುರಾಳಿ ಆಚೆ ಕಂಬ ಸುತ್ತಿ, ನಿಂತು, ನೀರು ಕುಡಿಯುವಷ್ಟು ಹೊತ್ತಾಗಿತ್ತು.

ಮೊದಮೊದಲು ಎಲ್ಲ ಹುಡುಗಿಯರಿಗೂ ಈ ಚಾಳಿ ಇತ್ತು. ಉಳಿದವರು ಹದಿನೈದು ದಿನದಲ್ಲಿ ಬಿಟ್ಟರು. ಗಂಗುಬಾಯಿ ಬಿಡಲಿಲ್ಲ. ಮಾಸ್ತರರು ಗದರಿದರು, ಬೇಡಿಕೊಂಡರು, ಕೈಮುಗಿದರು.

"ಗಂಗಾ, ಆಟದಾಗ ಕಾಲು ತಾಗಿದ್ರ ಪಾಪ ಇಲ್ಲವ್ವ."

"ಇದು ಆಟ ಅಂತ ಕಾಲಿಗೆ ಹ್ಯಾಂಗ ಗೊತ್ತಾಗ್ತದ್ರಿ ಸರ?"

ಮಾಸ್ತರರು ಸೀಟಿ ಊದಿ ಆಟ ಮುಂದುವರಿಸಿದರು.

ಅವರದೂ ಒಂದು ಚಾಳಿ ಇತ್ತು, ಅದನ್ನು ಇಲ್ಲಿ ಹೇಳಲೇಬೇಕು. ಸಾಲಿನಲ್ಲಿ ಯಾರಾದರೂ ಸೊಟ್ಟ ಕೂತಿದ್ದರೆ ಮಾಸ್ತರರು ಬಾಯಿಂದ ಹೇಳುತ್ತಿರಲಿಲ್ಲ, ಕ್ಯಾನ್ವಾಸ್ ಬೂಟಿನ ತುದಿಯಿಂದ ಪಾದ ತಳ್ಳಿ ಸರಿ ಮಾಡುತ್ತಿದ್ದರು. ಎಲ್ಲ ಡ್ರಿಲ್ ಮಾಸ್ತರರೂ ಮಾಡುವುದು ಅದನ್ನೇ. ಶ್ರಾವಣದ ಒಂದು ಸಂಜೆ ಗಂಗುಬಾಯಿಯ ಪಾದವನ್ನು ಹಾಗೆ ತಳ್ಳಿದರು. ಹುಡುಗಿ ಪಾದ ಸರಿಸಿಕೊಂಡಳು, ಆದರೆ ತಲೆಯೆತ್ತಿ ಅವರನ್ನೇ ನೋಡುತ್ತ ಕೂತಳು.

"ಏನು ನೋಡಾಕತ್ತಿ?"

"ನಿಮ್ಮ ಕಾಲು ತಾಗಿತ್ರಿ ಸರ."

ಮಾಸ್ತರರು ನಕ್ಕುಬಿಟ್ಟರು. "ಮಾಸ್ತರ ಕಾಲು ತಾಗಿದ್ರ ಪುಣ್ಯ ಬರ್ತದ ಹುಚ್ಚಿ. ಮುಂದ ನೋಡಿ ಕುಂದ್ರು."

ಹುಡುಗಿ ಮುಂದೆ ನೋಡಿ ಕೂತಳು. ಬೇವಿನ ಗಿಡದ ಕೆಳಗೆ ಸರುಬಾಯಿಯ ತಕಲಿ ಒಂದು ಗಳಿಗೆ ನಿಂತು ಮತ್ತೆ ತಿರುಗಿತು.

ದಸರಾ ಬಂತು, ರೋಗ ಹೋಗಲಿಲ್ಲ. "ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಅಂತಾರ, ಸುಮ್ಮ ಅಲ್ಲ" ಎಂದು ಹೆಡ್‌ಮಾಸ್ತರರು ವರಾಂಡದಲ್ಲಿ ನಿಂತು ಹೇಳಿ, ಹೊಲಿಗೆ ಮಶೀನಿಗೆ ಎಣ್ಣೆ ಬಿಡಿಸಿದರು. ಗಂಗುಬಾಯಿಯನ್ನು ತಂಡದಿಂದ ಬಿಟ್ಟರೆ ಸೋಲು, ಇಟ್ಟುಕೊಂಡರೂ ಸೋಲು. ಒಂದು ಸಂಜೆ ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಬೇವಿನ ಗಿಡದ ಕೆಳಗೆ ಕೂತುಬಿಟ್ಟರು. ಆಗ ಸರುಬಾಯಿ, ಐದು ತಿಂಗಳಲ್ಲಿ ಮೊದಲ ಸಲ, ಬಾಯಿ ಬಿಟ್ಟಳು.

"ಮಾಸ್ತರ್ರ, ನಾವು ದಿನಾ ಭೂಮ್ತಾಯಿನ ತುಳಿತೀವಿ. ಹೆಜ್ಜಿ ಹೆಜ್ಜಿಗೆ ಬಗ್ಗಿ ನಮಸ್ಕಾರ ಮಾಡ್ಕೋತ ಹೋದ್ರ ಕುರಿ ಕಾಯೋದು ಆಗ್ತದೇನ್ರಿ? ಮುಂಜಾನಿ ಎದ್ದು ಕಾಲಿಡೋ ಮೊದಲ ಒಮ್ಮೆ ಮುಟ್ಟಿ ಕೈಮುಗಿತೀವಿ. ಇಡೀ ದಿನಕ್ಕ ಅದ. ಇವೂ ಆಟದ ಮೊದಲ ಹಂಗ ಮಾಡ್ಲಿ."

ಮಾಸ್ತರರು ಮುದುಕಿಯನ್ನು ನೋಡಿದರು. ಬಿ.ಎ. ಮಾಡಿ, ತರಬೇತಿ ಮುಗಿಸಿ, ಹದಿನೆಂಟು ವರ್ಷ ಪಾಠ ಹೇಳಿದವರಿಗೆ ಹೊಳೆಯದ್ದು ತಕಲಿ ತಿರುಗಿಸುವ ಕೈಗೆ ಹೊಳೆದಿತ್ತು. ಅವರು ಎದ್ದವರೇ ಸೀಟಿ ಊದಿ ಎಲ್ಲರನ್ನೂ ಸೇರಿಸಿದರು.

ಮರುದಿನದಿಂದ ಕಲ್ಯಾಣದ ಮೈದಾನದಲ್ಲಿ ಹೊಸ ಪದ್ಧತಿ ಶುರುವಾಯಿತು. ಆಟಕ್ಕೆ ಮೊದಲು ಒಂಬತ್ತು ಹುಡುಗಿಯರೂ ಒಬ್ಬರ ಪಾದ ಒಬ್ಬರು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಇವತ್ತು ಎಷ್ಟು ಸಲ ಕಾಲು ತಾಗುತ್ತದೋ ಅಷ್ಟಕ್ಕೂ ಸೇರಿ ಒಂದೇ. ಮಾಸ್ತರರು ಅದಕ್ಕೆ ಮುಂಗಡ ನಮಸ್ಕಾರ ಎಂದು ಹೆಸರಿಟ್ಟರು. ಆ ಸಂಜೆ ಗಂಗುಬಾಯಿಯ ಕಾಲು ನಾಲ್ಕು ಸಲ ತಾಗಿತು, ನಾಲ್ಕು ಸಲವೂ ಅವಳು ನಿಲ್ಲಲಿಲ್ಲ. ಮಾಸ್ತರರು ಹುಚ್ಚರ ಹಾಗೆ ಮೈದಾನದ ಸುತ್ತ ಅವಳ ಜೊತೆಗೇ ಓಡಿದರು.

ಡಿಸೆಂಬರಿನ ಆ ಬೆಳಿಗ್ಗೆ ಒಂಬತ್ತು ಹುಡುಗಿಯರು, ಒಬ್ಬ ಮಾಸ್ತರ, ಒಬ್ಬ ಮುದುಕಿ ಮತ್ತು ಒಂದು ಬುಟ್ಟಿ ಜೋಳದ ರೊಟ್ಟಿ ಹುಮನಾಬಾದಿನಲ್ಲಿ ಬಸ್ಸಿಳಿದವು. ಜಲಾಲುದ್ದೀನ್ ಸಾಹೇಬರು ಗೇಟಿನಲ್ಲೇ ಕಾಯುತ್ತಿದ್ದರು. ಧೂಳೇಳಬಾರದೆಂದು ಮೈದಾನಕ್ಕೆಲ್ಲ ನೀರು ಹೊಡೆಸಿದ್ದರು. "ಚಹಾ ಈಗ ಕುಡಿತೀರೋ, ಸೋತ ಮ್ಯಾಲ ಕುಡಿತೀರೋ?" ಎಂದು ನಗೆಯಾಡಿದರು. "ಗೆದ್ದು ಕುಡಿತೀನ್ರಿ ಸಾಹೇಬ್ರ" ಎಂದರು ಮಾಸ್ತರರು.

ಮಧ್ಯಾಹ್ನದೊಳಗೆ ಕಲ್ಯಾಣದವರು ಎರಡು ತಂಡಗಳನ್ನು ಸೋಲಿಸಿ ಫೈನಲ್ ಮುಟ್ಟಿದರು. ಎದುರಿಗೆ ಹುಮನಾಬಾದ. ಹಗ್ಗದ ಆಚೆ ಇಡೀ ಪೇಟೆ ನೆರೆದಿತ್ತು. ಹುಡುಗಿಯರು ಲಂಗಕ್ಕೆ ಕಚ್ಚೆ ಹಾಕಿ, ಮುಂಗಡ ನಮಸ್ಕಾರ ಮುಗಿಸಿದರು. ನೋಡುತ್ತಿದ್ದವರು ಇದೇನು ಪೂಜೆಯೋ ಎಂದು ನಕ್ಕರು. ಗಂಗುಬಾಯಿ ಮಾತ್ರ ಎದುರು ತಂಡದ ಕಡೆ ನೋಡುತ್ತ ನಿಂತಿದ್ದಳು.

"ಸರ, ಅವರಿಗೂ ಮಾಡ್ಬೇಕಲ್ರಿ?"

"ಅವರಿಗ್ಯಾಕ? ಆಟದ ಮೊದಲ ಅವ್ರ ಕಾಲು ಮುಟ್ಟಿದ್ರ ಸೋಲೊಪ್ಪಿಕೊಂಡಂಗ. ಬಿಲ್ಕುಲ್ ಬ್ಯಾಡ."

ಅವಳು ತನ್ನವರ ಕಡೆ ಹೋದಳು.

ಎರಡೂ ತಂಡಗಳು ಎರಡೆರಡು ಸಲ, ಸಲಕ್ಕೆ ಏಳು ನಿಮಿಷ ಬೆನ್ನಟ್ಟಬೇಕು. ಹುಮನಾಬಾದದವರು ಎರಡೂ ಸರದಿ ಮುಗಿಸಿ ಹದಿಮೂರು ಜನರನ್ನು ಔಟ್ ಮಾಡಿದ್ದರು. ಕಲ್ಯಾಣದವರು ಮೊದಲ ಸರದಿಯಲ್ಲಿ ಆರು ಮಾಡಿದ್ದರು. ಈಗ ಕಡೆಯ ಏಳು ನಿಮಿಷ. ಎಂಟು ಬೇಕು. ಏಳು ಮಾಡಿದರೆ ಸಮ, ಸಮವಾದರೆ ಶೀಲ್ಡು ಹಳೆಯ ಒಡೆಯರ ಹತ್ತಿರವೇ ಉಳಿಯುವುದು ಈ ಪಂದ್ಯಾವಳಿಯ ನಿಯಮ. ಅಂದರೆ ಏಳಕ್ಕೂ ಹೊಲಿಗೆ ಮಶೀನೇ ಗತಿ.

ಸೀಟಿ ಬಿತ್ತು. ಹುಡುಗಿಯರು ಎದ್ದರು, ಕೂತರು, ಖೋ ಎಂದರು, ಮತ್ತೆ ಎದ್ದರು. ಒಂದು ಔಟ್. ಎರಡು. ಮಾಸ್ತರರು ಗೆರೆಯ ಆಚೆ ನಿಂತಿರಲಿಲ್ಲ, ಗೆರೆಯುದ್ದಕ್ಕೂ ಓಡುತ್ತಿದ್ದರು. ಮೂರು, ನಾಲ್ಕು. ಅವರ ಟೊಪ್ಪಿಗೆ ಎಲ್ಲೋ ಬಿತ್ತು, ಯಾರೋ ಎತ್ತಿಟ್ಟುಕೊಂಡರು. ಐದನೆಯದು ಸುಂದರಬಾಯಿ ಮಾಡಿದಳು, ಯಾರೂ ನಿರೀಕ್ಷಿಸಿರಲಿಲ್ಲ, ಅವಳೂ ನಿರೀಕ್ಷಿಸಿರಲಿಲ್ಲ. ಆರು. ಗಂಗುಬಾಯಿ ಎದ್ದಾಗಲೆಲ್ಲ ಪೇಟೆಯ ಜನ, ತಮ್ಮ ಊರಿನ ತಂಡ ಎಂಬುದನ್ನೂ ಮರೆತು, ಹೋ ಎನ್ನುತ್ತಿದ್ದರು. ಅವಳ ಕಾಲು ಎರಡು ಸಲ ತನ್ನವರಿಗೆ ತಾಗಿತು, ಅವಳು ನಿಲ್ಲಲಿಲ್ಲ. ಏಳನೆಯದೂ ಆಯಿತು. ಹದಿಮೂರು, ಹದಿಮೂರು. ಗಡಿಯಾರ ಹಿಡಿದವನು, "ಇಪ್ಪತ್ತು ಸೆಕೆಂಡು" ಎಂದು ಕೂಗಿದ.

ಎದುರಿಗೆ ಉಳಿದಿದ್ದ ಇಬ್ಬರಲ್ಲಿ ಹತ್ತಿರವಿದ್ದವಳು ಹುಮನಾಬಾದದ ನಾಯಕಿ ಅಮೃತ. ನಾಲ್ಕು ವರ್ಷದಲ್ಲಿ ಕಲ್ಯಾಣದವರು ಆ ಹುಡುಗಿಯ ಮೈ ಮುಟ್ಟಿರಲಿಲ್ಲ. ಸಾಲಿನ ನಡುವೆ ಆಚೆಗೊಮ್ಮೆ ಈಚೆಗೊಮ್ಮೆ ನುಸುಳಿ ಅವಳು ಹೊತ್ತು ಕಳೆಯುತ್ತಿದ್ದಳು. ಸುಂದರಬಾಯಿ ಗಂಗುಬಾಯಿಯ ಬೆನ್ನು ತಟ್ಟಿ ಖೋ ಕೊಟ್ಟಳು. ಗಂಗುಬಾಯಿ ಎದ್ದಳು. ಅಮೃತ ಎಡಕ್ಕೆ ಹೊರಳುವ ಮೊದಲೇ ಇವಳು ಎಡಕ್ಕೆ ಹೊರಳಿದ್ದಳು. ಮಾಸ್ತರರ ಕಣ್ಣಿಗೆ ಕೆರೆಯ ದಾರಿಯ ಟಗರು ಬಂತು. ಅಮೃತಳಿಗೆ ದಾರಿ ಉಳಿದದ್ದು ಒಂದೇ, ಕಂಬದ ಕಡೆ. ಇಬ್ಬರೂ ಕಂಬ ದಾಟಿ ಕಡೆಯ ಗೆರೆಯತ್ತ ಹಾರಿದರು. ಅಲ್ಲಿ ಬೆನ್ನಟ್ಟುವವಳು ಯಾವ ದಿಕ್ಕಿಗಾದರೂ ತಿರುಗಬಹುದು.

ಆ ಮೂಲೆಯಲ್ಲಿ ಬೆಳಗಿನ ನೀರು ಇನ್ನೂ ಆರಿರಲಿಲ್ಲ. ಅಮೃತ ಜಾರಿ ಬೋರಲು ಬಿದ್ದಳು. ಹಿಂದೆ ಬರುತ್ತಿದ್ದ ಗಂಗುಬಾಯಿಗೆ ನಿಲ್ಲಲಾಗಲಿಲ್ಲ. ಅವಳು ಹಾರಿ ದಾಟಿದಳು, ದಾಟುವಾಗ ಪಾದ ಅಮೃತಳ ಭುಜಕ್ಕೆ ತಾಗಿತು.

ಕಾಲು ತಾಗಿದರೆ ಔಟ್ ಅಲ್ಲ, ಕೈಯೇ ತಾಗಬೇಕು. ಅಮೃತ ಆಗಲೇ ಮೊಣಕೈ ಊರಿ ಏಳುತ್ತಿದ್ದಳು. ಮಾಸ್ತರರು, "ಹಿಡಿಯವ್ವಾ!" ಎಂದು ಕೂಗಿದರು. ಗಂಗುಬಾಯಿ ತಿರುಗಿದಳು. ಆದರೆ ಹಿಡಿಯಲಿಲ್ಲ. ಎಷ್ಟೋ ಸಂಜೆ ಮಾಸ್ತರರ ಹೊಟ್ಟೆ ಉರಿಸಿದ್ದ ಅದೇ ರೀತಿಯಲ್ಲಿ ನಿಂತಳು, ಬಗ್ಗಿದಳು, ಅಮೃತಳ ಭುಜವನ್ನು ಮೆತ್ತಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವಳಿಗೆ ಮುಂಗಡ ಮಾಡಿರಲಿಲ್ಲವಲ್ಲ.

ಹೊತ್ತು ಮುಗಿದ ಸೀಟಿ ಅದೇ ಗಳಿಗೆಯಲ್ಲಿ ಬಿತ್ತು.

ಗದ್ದಲ ಎಂದರೆ ಗದ್ದಲ. ಮುಟ್ಟಿದ್ದು ಮೊದಲೋ, ಸೀಟಿ ಮೊದಲೋ? ಬೀದರಿನಿಂದ ಬಂದಿದ್ದ ಅಂಪೈರ್ ಆಚೆ ಕಂಬದ ಹತ್ತಿರವಿದ್ದ, ನಡುವೆ ಹುಡುಗಿಯರು ಎದ್ದು ನಿಂತು ಅವನಿಗೆ ಸರಿಯಾಗಿ ಕಂಡಿರಲಿಲ್ಲ. ಅವನು ಬಂದು ಗಂಗುಬಾಯಿಯನ್ನು ಕೇಳಿದ.

"ಮುಟ್ಟಿದೇನವ್ವ?"

ಹೂಂ ಅನ್ನು ತಾಯಿ, ಅಷ್ಟೇ ಅನ್ನು ಎಂದು ಮಾಸ್ತರರು ಒಳಗೇ ಬೇಡಿಕೊಂಡರು.

"ಮುಟ್ಟೀನ್ರಿ" ಎಂದಳು ಗಂಗುಬಾಯಿ. "ಆದ್ರ ಔಟ್ ಮಾಡಾಕ ಅಲ್ರಿ. ಕಾಲು ತಾಗಿತ್ತು, ಅದಕ್ಕ ಮುಟ್ಟೀನಿ. ಸೀಟಿ ಮೊದಲೋ ಆಮ್ಯಾಲೋ ನನಗ ಗೊತ್ತಿಲ್ರಿ."

ಹಗ್ಗದ ಆಚೆ ಜನ ನಕ್ಕರು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹಿರಿಯರು ಹೇಳಿದ್ದು ತನ್ನನ್ನು ನೋಡಿಯೇ ಇರಬೇಕು ಅನ್ನಿಸಿತು. ಅಂಪೈರ್ ಅಮೃತಳ ಕಡೆ ತಿರುಗಿದ. ಅವಳು ಕೆಸರಾದ ಮೊಣಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳು ಇಲ್ಲ ಎಂದರೆ ಸಾಕು, ಶೀಲ್ಡು ಅವರದು. ಇಡೀ ಪೇಟೆ ಅವಳ ಬಾಯಿಯನ್ನೇ ನೋಡುತ್ತಿತ್ತು.

"ಆಕಿ ಕೈ ತಾಗಿದ ಮ್ಯಾಲ ಸೀಟಿ ಕೇಳ್ಸಿತ್ರಿ" ಎಂದಳು ಅಮೃತ. "ನಾ ಔಟ್ ಆಗೀನಿ."

"ಖರೆ ಹೇಳು. ವಿಚಾರ ಮಾಡಿ ಹೇಳು" ಎಂದ ಅಂಪೈರ್.

"ಖರೇನ ಹೇಳಾಕತ್ತೀನ್ರಿ. ಶೀಲ್ಡ್ ಹೋಗೋ ಹೊತ್ತಿನ್ಯಾಗ ಆಕಿ ನಿಂತು ನನಗ ನಮಸ್ಕಾರ ಮಾಡ್ಯಾಳ. ಅಂಥಾಕಿ ಮುಂದ ನಾ ಸುಳ್ಳು ಹ್ಯಾಂಗ ಹೇಳ್ಲಿ?"

ಅಂಪೈರ್ ಕೈ ಎತ್ತಿದ. ಹದಿನಾಲ್ಕು.

ಆಮೇಲೆ ಏನಾಯಿತೆಂದು ಮಾಸ್ತರರಿಗೆ ಪೂರಾ ನೆನಪಿಲ್ಲ. ಸುಂದರಬಾಯಿ ಅತ್ತದ್ದು, ಯಾರೋ ತಮ್ಮ ಟೊಪ್ಪಿಗೆ ತಂದು ತಲೆಗಿಟ್ಟದ್ದು, ತಾವೂ ಅತ್ತದ್ದು ನೆನಪಿದೆ. ಜಲಾಲುದ್ದೀನ್ ಸಾಹೇಬರು ಅಮೃತಳ ತಲೆ ಸವರಿ, ಆಮೇಲೆ ಬಂದು ಇವರನ್ನು ತಬ್ಬಿಕೊಂಡರು. "ಚಹಾ ಇವತ್ತು ನೀವು ಕುಡಿಸ್ರಿ" ಎಂದರು. ಮಾಸ್ತರರು ಎರಡೂ ತಂಡದ ಹದಿನೆಂಟು ಮಕ್ಕಳಿಗೂ ಭಜಿ ತಿನ್ನಿಸಿದರು. ಅಮೃತ, ಗಂಗುಬಾಯಿ ಒಂದೇ ಕಾಗದದಲ್ಲಿ ತಿಂದರು.

ಸಂಜೆಯ ಬಸ್ಸು ಕಿಕ್ಕಿರಿದಿತ್ತು. ಹೋಗುವಾಗಿನ ಹಾಡು ಮೊದಲ ಸಲ ಬರುವಾಗಲೂ ಇತ್ತು. ಮಾಸ್ತರರಿಗೆ ಕೂರಲು ಜಾಗ ಸಿಕ್ಕಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಶೀಲ್ಡನ್ನು ಎದೆಗವಚಿ ನಡುವಿನ ದಾರಿಯಲ್ಲಿ ನಿಂತಿದ್ದರು. ಪಕ್ಕದ ಸೀಟಿನಲ್ಲಿ ಸರುಬಾಯಿ, ಅವಳ ಪಕ್ಕ ದಾರಿಗೆ ಕಾಲು ಚಾಚಿ ಗಂಗುಬಾಯಿ. ರಾಜೇಶ್ವರದ ಹತ್ತಿರ ಎತ್ತಿನ ಗಾಡಿಯೊಂದು ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ. ಮಾಸ್ತರರು ಮುಗ್ಗರಿಸಿದರು. ಅವರ ಕ್ಯಾನ್ವಾಸ್ ಬೂಟು ಗಂಗುಬಾಯಿಯ ಬರಿಪಾದದ ಮೇಲೆ ಬಿತ್ತು.

ಹುಡುಗಿ ಪಾದ ಎಳೆದುಕೊಂಡಳು. ಈ ಸಲ ತಲೆಯೆತ್ತಿ ನೋಡಲಿಲ್ಲ.

ಮಾಸ್ತರರು ಶೀಲ್ಡನ್ನು ಸರುಬಾಯಿಯ ಕೈಗೆ ಕೊಟ್ಟರು. ಆ ಓಲಾಡುವ ಬಸ್ಸಿನಲ್ಲಿ ಕಂಬಿ ಹಿಡಿದು ಬಗ್ಗಿ, ಹುಡುಗಿಯ ಪಾದವನ್ನು ಬೆರಳ ತುದಿಯಿಂದ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡರು. ಹಾಡು ನಿಂತುಹೋಯಿತು. ಕಂಡಕ್ಟರ್ ಚೀಟಿ ಹರಿಯುವುದನ್ನು ಬಿಟ್ಟು ನೋಡಿದ. ಗಂಗುಬಾಯಿ ಗಾಬರಿಯಾಗಿ ಎದ್ದು ನಿಂತಳು.

"ಅಯ್ಯ ಸರ, ಬ್ರೇಕ್ ಹೊಡದಿದ್ದಕ್ಕ ತಾಗ್ಯಾದ ಬಿಡ್ರಿ. ನಿಮ್ದೇನ್ ತಪ್ಪು ಅದ?"

"ಇದು ಈಗಿಂದಲ್ಲವ್ವ" ಎಂದರು ಮಾಸ್ತರರು. "ಶ್ರಾವಣದಾಗಿಂದು."

ಹುಡುಗಿಗೆ ನೆನಪಾಯಿತು. ಅವಳು ಅಜ್ಜಿಯ ಕಡೆ ನೋಡಿದಳು. ಸರುಬಾಯಿ ಶೀಲ್ಡನ್ನು ಸೆರಗಿನಿಂದ ಒರೆಸುತ್ತಿದ್ದಳು, ತಲೆಯೆತ್ತಲಿಲ್ಲ.

"ಇರ್ಲಿ ಬಿಡ್ರಿ ಸರ" ಎಂದಳು ಗಂಗುಬಾಯಿ, ಮತ್ತು ಸರಿದು ಕೂತು ಅವರಿಗೆ ಅರ್ಧ ಸೀಟು ಬಿಟ್ಟುಕೊಟ್ಟಳು.